ಪಾರ್ಕಿಂಗ್ ಲಾಟಿನಲ್ಲಿ ತುಂಬದೆ ಉಳಿದ ಉಡಿ

ಶನಿವಾರ, ಸೆಪ್ಟೆಂಬರ್ ಒಂಬತ್ತು, ಮಧ್ಯಾಹ್ನ ಒಂದು ಗಂಟೆ ಐವತ್ತು ನಿಮಿಷ. ಸ್ಯಾನ್ ಹೊಸೆಯ ಸಿನಿಮಾ ಥಿಯೇಟರು, ಎಫ್ ಸಾಲು, ಆರು ಸೀಟು. ಡೈರಿಯಲ್ಲಿ ಆ ದಿನದ ಪುಟ ಹೀಗೆ ಶುರುವಾಗುತ್ತದೆ.

ನಾನು ಎಂಟನೇ ವಯಸ್ಸಿನಲ್ಲಿ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದವಳು. ಹದಿನಾಲ್ಕರಿಂದ ಡೈರಿ ಬರೆಯುತ್ತಿದ್ದೇನೆ. ಮೊದಲು ದಿನಾಂಕ, ಆಮೇಲೆ ಗಂಟೆ, ಆಮೇಲೆ ಆ ದಿನ ಎಣಿಸಿದ್ದು ಏನಾದರೂ ಇದ್ದರೆ ಅದರ ಲೆಕ್ಕ. ಕನ್ನಡದಲ್ಲಿ ಬರೆಯುವುದಕ್ಕೆ ದೊಡ್ಡ ಕಾರಣವೇನಿಲ್ಲ. ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲಿ ನನ್ನ ಜೊತೆಗಿರುವ ಇಬ್ಬರು ಹುಡುಗಿಯರಿಗೆ ಅದು ಓದಲು ಬರುವುದಿಲ್ಲ, ಅಷ್ಟೇ.

ಆರು ಸೀಟಿನಲ್ಲಿ ಕೂತಿದ್ದವರು ನಾನು, ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನನ್ನ ಅಜ್ಜಿ, ನಾನು ಮದುವೆಯಾಗಬೇಕೆಂದಿರುವ ಗೆಳೆಯ ಮತ್ತು ಅವನ ತಾಯಿ. ಅವರು ಗ್ರೀಕರು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಮದುವೆಯಾಗಿ ಬಂದು ಮಾರ್ಗನ್ ಹಿಲ್‌ನಲ್ಲಿ ನೆಲೆ ನಿಂತವರು. ಎರಡೂ ಮನೆಯವರು ಅಂದೇ ಮೊದಲ ಸಲ ಭೇಟಿಯಾಗಿದ್ದು. ಸಿನಿಮಾಕ್ಕೆ ಹೋಗೋಣ ಎಂದದ್ದು ಗೆಳೆಯನ ತಾಯಿಯೇ. ಒಂದು ಗ್ರೀಕ್ ವಲಸಿಗ ಕುಟುಂಬದ ಪ್ರೇಮ, ಗಲಾಟೆ, ನಗೆಯ ಕಥೆಯ ಮುಂದಿನ ಭಾಗ ಅದು. ಈ ಸಲ ಆ ಕುಟುಂಬ ಇಡಿಯಾಗಿ ತಾಯ್ನಾಡಿಗೆ ಹೋಗುತ್ತದೆ. 'ನಾನೂ ಮುಂದಿನ ತಿಂಗಳು ನನ್ನ ಊರಿಗೆ ಹೋಗುತ್ತಿದ್ದೇನೆ, ಹತ್ತೊಂಬತ್ತು ವರ್ಷದ ಮೇಲೆ. ನಿಮ್ಮ ಮಗಳು ಎಂಥವರ ಕೈಗೆ ಸಿಗುತ್ತಾಳೆ ಅಂತ ಮೊದಲೇ ನೋಡಿಕೊಳ್ಳಿ' ಎಂದು ಫೋನಿನಲ್ಲಿ ಅಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಿ ನಕ್ಕಿದ್ದರು.

ಕತ್ತಲಲ್ಲಿ ನಾನು ಚಿಕ್ಕ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಾ ಕೂತಿದ್ದೆ. ಮುಜುಗರಕ್ಕೆ ಒಂದೊಂದು ಗೆರೆ. ಅಜ್ಜಿಗೆ ಇಂಗ್ಲಿಷು ಬಾರದು. ಪರದೆಯ ಮೇಲೆ ಇಡೀ ಕುಟುಂಬ ಪೆಟ್ಟಿಗೆ ಎಳೆದುಕೊಂಡು ವಿಮಾನ ಹತ್ತಲು ಹೊರಟಿತು.

"ಎಲ್ಲಿಗೆ ಹೊಂಟಾರವಾ ಇವರು?"

"ಅವರ ಊರಿಗೆ. ಮೆಲ್ಲಕ ಮಾತಾಡು ಅಜ್ಜಿ."

"ಇಷ್ಟು ಮಂದಿ? ಬುತ್ತಿ ಕಟ್ಟಿಕೊಂಡಾರಿಲ್ಲೋ?"

ಮುಂದಿನ ಸಾಲಿನವರು ತಿರುಗಿ ನೋಡಿದರು. ಒಂದು ಗೆರೆ. ಅಮ್ಮ ಪರ್ಸಿನಿಂದ ಶೇಂಗಾ ಉಂಡೆಯ ಡಬ್ಬಿ ತೆಗೆದಳು. ಅದಕ್ಕೊಂದು. ಗೆಳೆಯನ ತಾಯಿ ಎರಡು ಉಂಡೆ ತೆಗೆದುಕೊಂಡು, ಮೂರನೆಯದನ್ನು ಟಿಶ್ಯೂವಿನಲ್ಲಿ ಸುತ್ತಿಟ್ಟುಕೊಂಡರು. ಅಪ್ಪ ಒಂದು ತಾಸು ಸುಮ್ಮನಿದ್ದು ಕೊನೆಗೆ ಕೇಳಿಯೇಬಿಟ್ಟ, "ಇಂಟರ್ವಲ್ಲು ಇಲ್ಲಂದ್ರ ಇದೆಂಥಾ ಥೇಟರೋ?" ಗೆಳೆಯ ಅವನಿಗೆ ರೆಸ್ಟ್‌ರೂಮಿನ ದಾರಿ ತೋರಿಸಿದ. ಅಜ್ಜಿಯೂ ಎದ್ದಳು, ಅವಳ ಕೈ ಹಿಡಿದು ಗೆಳೆಯನ ತಾಯಿ ಹೊರಗೆ ಹೋದರು. ಅವರಿಬ್ಬರು ತಿರುಗಿ ಬರಲು ಹನ್ನೊಂದು ನಿಮಿಷ ಹಿಡಿಯಿತು ಎಂದು ಬರೆದುಕೊಂಡಿದ್ದೇನೆ. ಬಂದಾಗಲೂ ಕೈ ಬಿಟ್ಟಿರಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಒಂದಕ್ಷರ ತಿಳಿಯದ ಇವರು ಅಷ್ಟು ಹೊತ್ತು ಏನು ಮಾಡಿದರು ಎಂದು ಕೇಳಬೇಕೆಂದು ನನಗೆ ಅನಿಸಲಿಲ್ಲ. ತಡವಾಗಿದ್ದಕ್ಕೆ ಒಂದು ಗೆರೆ ಎಳೆದೆ.

ಸಿನಿಮಾ ಮುಗಿಯುವಾಗ ಹದಿನಾಲ್ಕು ಗೆರೆಗಳಾಗಿದ್ದವು. ಎಲ್ಲವೂ ನನ್ನ ಮನೆಯವರ ಹೆಸರಿನಲ್ಲಿ.

ನಾಲ್ಕು ಗಂಟೆ ಐದು ನಿಮಿಷಕ್ಕೆ ನಾವು ಪಾರ್ಕಿಂಗ್ ಲಾಟಿಗೆ ಬಂದೆವು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅಪ್ಪ ಕಾರಿನ ಡಿಕ್ಕಿ ತೆಗೆದ. ಒಳಗೆ ಬಿಳಿ ಪಂಚೆಯಲ್ಲಿ ಮುಚ್ಚಿದ ಸ್ಟೀಲಿನ ತಟ್ಟೆ ಇತ್ತು.

ನಮ್ಮ ಕಡೆ ಮುತ್ತೈದೆಯನ್ನು, ಅದರಲ್ಲೂ ತವರೂರಿನ ದಾರಿ ಹಿಡಿದವಳನ್ನು, ಬರಿ ಸೆರಗಿನಲ್ಲಿ ಕಳಿಸುವುದಿಲ್ಲ. ಸೆರಗು ಒಡ್ಡಿಸಿ ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಐದು ಅರಿಷಿಣ ಕೊಂಬು, ಎಲೆ ಅಡಿಕೆ, ಕುಪ್ಪಸದ ಖಣ ಹಾಕಿ, ಹಣೆಗೆ ಕುಂಕುಮ ಹಚ್ಚುತ್ತಾರೆ. ಉಡಿ ತುಂಬುವುದು ಎಂದರೆ ಇದೇ. ಗಂಡ ತೀರಿಕೊಂಡವಳಿಗೆ ತುಂಬುವುದಿಲ್ಲ. ಅಂಥವಳು ಬೇರೆಯವರಿಗೆ ತುಂಬುವ ಹಾಗೂ ಇಲ್ಲ. ಅಜ್ಜಿ ಗಂಡನನ್ನು ಕಳೆದುಕೊಂಡು ಇಪ್ಪತ್ತೊಂದು ವರ್ಷವಾಗಿದೆ. ಆದ್ದರಿಂದ ತಟ್ಟೆ ಜೋಡಿಸಿದ್ದು ಅವಳಾದರೂ ತುಂಬಬೇಕಾದವಳು ಅಮ್ಮ.

"ಗ್ರೀಕ್ ಆದರೇನು, ತವರಿಗೆ ಹೊಂಟಾಕಿ," ಎಂದು ಅಜ್ಜಿ ಬೆಳಿಗ್ಗೆ ಹೇಳಿದ್ದಳಂತೆ. "ನಾಳೆ ನಮ್ಮ ಬೀಗತಿ ಆಗಾಕಿ. ಬರೀ ಕೈಲೆ ಕಳಸಿದರ ನನಗ ನಿದ್ದಿ ಹತ್ತೂದಿಲ್ಲ." ಪ್ಯಾಂಟು ಹಾಕಿದವಳಿಗೆ ಸೆರಗು ಎಲ್ಲಿಂದ ಬರಬೇಕು ಎಂದು ಅದನ್ನೂ ಯೋಚಿಸಿ, ತನ್ನ ಬೂದು ಬಣ್ಣದ ಶಾಲನ್ನು ಇಸ್ತ್ರಿ ಮಾಡಿ ತಂದಿದ್ದಳು.

ಇಲ್ಲಿ ನಾನು ಜುಲೈ ತಿಂಗಳ ಒಂದು ಪುಟಕ್ಕೆ ಹಿಂದಿರುಗಬೇಕು. ಅಂದು ಅಮ್ಮ ಕೇಳಿದ್ದಳು, "ಹುಡುಗನ ಅಪ್ಪಾರು ಏನು ಮಾಡತಾರ?" ಅವರು ತೀರಿಕೊಂಡು ಎರಡು ವರ್ಷವಾಗಿತ್ತು, ನನಗೆ ಅದು ಚೆನ್ನಾಗಿ ಗೊತ್ತಿತ್ತು. ನಾನು "ಅವರು ಬರೂದಿಲ್ಲಮ್ಮ, ಅವರ ತಾಯಿ ಒಬ್ಬರೇ ಬರತಾರ" ಎಂದಷ್ಟೇ ಹೇಳಿ ಮಾತು ತಿರುಗಿಸಿದ್ದೆ. ಕಸಿನ್ ಒಬ್ಬಳ ಮದುವೆಯಲ್ಲಿ ಅರಿಷಿಣ ಹಚ್ಚುವಾಗ ಅಜ್ಜಿ ಯಾರೂ ಹೇಳದೆಯೇ ಎದ್ದು ಹಿಂದಿನ ಕುರ್ಚಿಗೆ ಹೋಗಿ ಕೂತದ್ದನ್ನು ನೋಡಿದ್ದೆ. ನನ್ನ ಮದುವೆಯಲ್ಲಿ ಹುಡುಗನ ತಾಯಿ ಎಲ್ಲಿ ಕೂರಬೇಕು ಎಂಬ ಚರ್ಚೆ ಈಗಲೇ ಶುರುವಾಗುವುದು ಬೇಡವಾಗಿತ್ತು. 'ಇಂದು ಸುಳ್ಳು ಹೇಳಲಿಲ್ಲ' ಎಂದು ಆ ಪುಟದ ಕೊನೆಯಲ್ಲಿ ಬರೆದಿದೆ. ನನ್ನದೇ ಅಕ್ಷರ.

ಅಮ್ಮ ಗೆಳೆಯನ ತಾಯಿಗೆ ವಿಷಯ ವಿವರಿಸಿದಳು. ಇದು ನಮ್ಮ ಆಚಾರ, ಊರಿಗೆ ಹೋಗುವ ಹೆಣ್ಣಿಗೆ ಮನೆಯವರು ಕೊಡುವುದು, ಎಂದು. ಅವರು ತಮ್ಮ ಬ್ಯಾಗನ್ನು ಮಗನ ಕೈಗೆ ಕೊಟ್ಟು, ಅಜ್ಜಿಯ ಶಾಲನ್ನು ಎರಡೂ ಕೈಯಲ್ಲಿ ಒಡ್ಡಿ ನಿಂತರು. ಮುಖ ತುಂಬ ನಗು. "ಹೀಗೆಯೇ? ಇನ್ನೂ ಅಗಲ ಮಾಡಬೇಕೆ?" ಎಂದು ಅಜ್ಜಿಯನ್ನೇ ಕೇಳಿದರು. ಅಜ್ಜಿ ಕೈಸನ್ನೆಯಲ್ಲಿ ಇನ್ನೂ ಸ್ವಲ್ಪ ಎಂದಳು.

ಅಷ್ಟರಲ್ಲಿ ಎರಡು ಕಾರು ಆಚೆಯಿಂದ ನನ್ನ ಆಫೀಸಿನ ಮ್ಯಾನೇಜರು ಕೈ ಬೀಸಿದಳು. ಮಕ್ಕಳ ಜೊತೆ ಸಿನಿಮಾಕ್ಕೆ ಬಂದಿದ್ದಳು. ಚಿಕ್ಕ ಹುಡುಗಿ ನಿಂತು ನಮ್ಮ ತಟ್ಟೆಯನ್ನೇ ನೋಡುತ್ತಿದ್ದಳು. ಹಿಂದೆ ಒಂದು ಕಾರು ನಮ್ಮ ಜಾಗಕ್ಕಾಗಿ ಬ್ಲಿಂಕರ್ ಹಾಕಿ ಕಾಯುತ್ತಿತ್ತು. ಅಮ್ಮನ ಬೆರಳು ಕುಂಕುಮದ ಬಟ್ಟಲಲ್ಲಿತ್ತು. ಇದೆಲ್ಲ ಈಗಿಂದೀಗಲೇ ನಿಲ್ಲಬೇಕು ಎಂದು ಮಾತ್ರ ನನಗೆ ಅನಿಸಿತು. ನಿಲ್ಲಿಸುವ ಮಾತು ಯಾವುದೆಂದು ನನಗೆ ಗೊತ್ತಿತ್ತು.

"ಅಮ್ಮ, ಬಿಡು. ಅವರ ಹಸ್ಬೆಂಡು ತೀರಿಕೊಂಡಾರ. ಅವರಿಗೆ ಉಡಿ ತುಂಬಬಾರದು."

ಅಮ್ಮನ ಕೈ ನಿಂತಿತು. ಅಪ್ಪ ಡಿಕ್ಕಿಯ ಕಡೆ ತಿರುಗಿಕೊಂಡ. ಅಮ್ಮ ನನ್ನನ್ನು ಒಂದು ಸಲ, ಅವರನ್ನು ಒಂದು ಸಲ ನೋಡಿ, ಕುಂಕುಮದ ಬಟ್ಟಲು ಮುಚ್ಚಿ, ಇಂಗ್ಲಿಷಿನಲ್ಲಿ "ಸಾರಿ, ಇನ್ನೊಂದು ದಿನ ಮಾಡೋಣ" ಎಂದಳು. ತಟ್ಟೆಯ ಮೇಲೆ ಪಂಚೆ ಎಳೆದಳು.

ಗೆಳೆಯನ ತಾಯಿ ಶಾಲು ಒಡ್ಡಿಕೊಂಡೇ ನಿಂತಿದ್ದರು. ಕನ್ನಡ ತಿಳಿಯದಿದ್ದರೂ ಏನೋ ಹಿಂದಕ್ಕೆ ಹೋಯಿತೆಂದು ಅವರಿಗೆ ತಿಳಿದಿತ್ತು. ಮಗನನ್ನು ನೋಡಿದರು, ಅವನಿಗೂ ಗೊತ್ತಿರಲಿಲ್ಲ. ಆಮೇಲೆ ನನ್ನನ್ನು ಕೇಳಿದರು, "ನಾನು ಏನಾದರೂ ತಪ್ಪು ಮಾಡಿದೆನಾ?"

"ಇಲ್ಲ ಇಲ್ಲ. ಹಿಂದೆ ಕಾರು ಕಾಯ್ತಿದೆ," ಎಂದೆ.

ಅಜ್ಜಿ ಮುಂದೆ ಬಂದು, ಅವರ ಕೈಯಿಂದ ಶಾಲನ್ನು ಮೆಲ್ಲಗೆ ತೆಗೆದುಕೊಂಡು, ಅಂಚಿಗೆ ಅಂಚು ಸೇರಿಸಿ ನಾಲ್ಕು ಮಡಿಕೆ ಮಾಡಿದಳು. ಅವರ ಕೆನ್ನೆ ಸವರಿದಳು. ಕಾರಿನಲ್ಲಿ ಹೋಗಿ ಕೂತಳು.

ಕಾರು ಫ್ರೀವೇ ಹತ್ತಿತು. ನಾಲ್ಕು ಗಂಟೆ ಮೂವತ್ತೊಂದು ನಿಮಿಷಕ್ಕೆ ಅಜ್ಜಿ ಕಿಟಕಿ ನೋಡುತ್ತಲೇ ಹೇಳಿದಳು.

"ನನಗ ಗೊತ್ತಿತ್ತು."

"ಏನು ಗೊತ್ತಿತ್ತು?" ಅಮ್ಮ ಕೇಳಿದಳು.

"ಆಕಿ ಗಂಡ ಇಲ್ಲ ಅಂತ. ಕೊಳ್ಳಾಗ ಗಂಡಸರ ಉಂಗುರ ಸರಕ್ಕ ಹಾಕ್ಕೊಂಡಾಳ. ಪಿಚ್ಚರ್ ನಡುವ ಹೊರಗ ಹೋದಾಗ ತೋರಿಸಿದಳು. ಮ್ಯಾಲೆ ಕೈ ಮಾಡಿದಳು. ಅತ್ತಳು. ನಾನೂ ನಂದು ತೋರಿಸಿದೆ, ಬರೀ ಹಣಿ."

"ಗೊತ್ತಿದ್ದೂ ತುಂಬು ಅಂದ್ರಾ ನೀವು ಅತ್ತಿ?"

"ಗೊತ್ತಾದ ಮ್ಯಾಲೇ ಗಟ್ಟಿ ಮಾಡಿದ್ದು. ಮುಂಜಾನೆ ಬರೇ ರೀತಿಗೆ ಜೋಡಿಸಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. "ನಿನ್ನ ಅಜ್ಜ ತೀರಿಕೊಂಡ ವರ್ಷ ಪಂಚಮಿಗೆ ತವರಿಗೆ ಹೋಗಿದ್ದೆ. ನಮ್ಮ ವೈನಿ, ಅಣ್ಣನ ಹೆಂಡತಿ, ತಟ್ಟಿ ತಂದಾಗ ಒಬ್ಬಾಕಿ ಹಿಂಗ ಅಂದಳು, ಆಕಿಗೆ ಬ್ಯಾಡ ಅಂತ. ಅದ ಮಾತು. ನಿನ್ನ ಬಾಯಾಗ ಕೇಳತೀನಿ ಅಂದ್ಕೊಂಡಿರಲಿಲ್ಲವಾ. ನೀ ಇವನ್ನೆಲ್ಲ ನಂಬೂದಿಲ್ಲ ಅಂತಿದ್ದಿ."

ನಾನು ನಂಬುವುದಿಲ್ಲ. ನಂಬದ ಮಾತನ್ನು ಮ್ಯಾನೇಜರು ನೋಡಿದಳೆಂಬ ಕಾರಣಕ್ಕೆ ಎತ್ತಿಕೊಂಡು ಹೊಡೆದಿದ್ದೆ. ಒಬ್ಬರಿಗೆ ಹೊಡೆದದ್ದು ಇಬ್ಬರಿಗೆ ತಗುಲಿತ್ತು.

ಗೆಳೆಯನ ತಾಯಿಯ ವಿಮಾನ ಅಕ್ಟೋಬರ್ ಮೂರಕ್ಕೆ. ಕೈಯಲ್ಲಿ ಇಪ್ಪತ್ತನಾಲ್ಕು ದಿನ ಇದ್ದವು. ಅಷ್ಟರೊಳಗೆ ಮಾರ್ಗನ್ ಹಿಲ್‌ಗೆ ಹೋಗಿ, ನಾನು ಅಂದು ಏನು ಹೇಳಿದೆ, ಯಾಕೆ ಹೇಳಿದೆ ಎಂದು ಅವರಿಗೆ ತಿಳಿಸಿ, ಅಜ್ಜಿಯ ಆಸೆಯಂತೆ ಉಡಿ ತುಂಬಿಸಿ ಕಳಿಸಬೇಕೆಂದು ಬರೆದುಕೊಂಡೆ. ಪ್ರತಿದಿನದ ಪುಟದ ಮೇಲೂ ಉಳಿದ ದಿನಗಳ ಸಂಖ್ಯೆ ಇದೆ. ಇಪ್ಪತ್ತಮೂರು, ಇಪ್ಪತ್ತೆರಡು, ಇಪ್ಪತ್ತೊಂದು. ಎರಡು ಸಲ ಕಾರಿನಲ್ಲಿ ಹೊರಟು, ಅವರ ಎಕ್ಸಿಟ್ ದಾಟಿ ಮುಂದೆ ಹೋಗಿ, ತಿರುಗಿ ಬಂದೆ. ಹದಿಮೂರು ದಿನ ಉಳಿದಿದ್ದಾಗ ಗೆಳೆಯನಿಗೆ ಫೋನಿನಲ್ಲಿ ನಡೆದದ್ದನ್ನು ಹೇಳಿದೆ.

"ಅಮ್ಮ ಆ ದಿನದಿಂದ ಕೇಳ್ತಿದಾಳೆ, ಶಾಲು ತಪ್ಪಾಗಿ ಹಿಡಿದೆನಾ ಅಂತ," ಎಂದ ಇಂಗ್ಲಿಷಿನಲ್ಲಿ. "ನಾನು ಹೇಳಲ್ಲ. ನೀನೇ ಹೇಳು."

ಹೇಳುತ್ತೇನೆ ಎಂದೆ. ಏಳು, ಆರು, ಐದು.

ಮೂರು ದಿನ ಉಳಿದಿದ್ದಾಗ, ಶನಿವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಗೆಳೆಯ ಒಂದು ಫೋಟೊ ಕಳಿಸಿದ. ಮಾರ್ಗನ್ ಹಿಲ್‌ನ ಅವರ ಅಡುಗೆಮನೆ. ಅವನ ತಾಯಿ ಅದೇ ಬೂದು ಶಾಲನ್ನು ಒಡ್ಡಿ ನಿಂತಿದ್ದಾರೆ. ಅದರಲ್ಲಿ ಹಾಕುತ್ತಿರುವುದು ಅಮ್ಮನ ಕೈಯಲ್ಲ, ಅಜ್ಜಿಯ ಕೈ. ಹಸಿರು ಬಳೆಯಿಲ್ಲದ ಆ ಮಣಿಕಟ್ಟನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಅಮ್ಮ ಪಕ್ಕದಲ್ಲಿ ತಟ್ಟೆ ಹಿಡಿದಿದ್ದಾಳೆ. ಅಪ್ಪನ ಮೊಣಕೈ ಅಂಚಿನಲ್ಲಿ ಕಾಣುತ್ತದೆ. ಎಲ್ಲರೂ ಹೋಗಿದ್ದಾರೆ. ನನಗೆ ಯಾರೂ ಫೋನು ಮಾಡಿರಲಿಲ್ಲ.

ಆ ಮಧ್ಯಾಹ್ನ ಸ್ಯಾನ್ ಹೊಸೆಯ ಅಪ್ಪ ಅಮ್ಮನ ಮನೆಗೆ ಹೋದೆ. ಅಜ್ಜಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಕರಿಯಲಿಲ್ಲ ನನ್ನ," ಎಂದೆ.

"ನಿಂಗ ನಾಚಿಕಿ ಆಗತದ ಅಂತ ಬಿಟ್ಟಿವಿ," ಎಂದಳು. ಚುಚ್ಚಿ ಹೇಳಿದಂತಿರಲಿಲ್ಲ. ನನ್ನ ಅನುಕೂಲ ನೋಡಿದಂತೆಯೇ ಹೇಳಿದಳು.

"ಕುಂಕುಮ ಹಚ್ಚಿದೇನು ಅಜ್ಜಿ? ಇಲ್ಲಾ ಬ್ಯಾರೆ ಏನರ? ಏನಂದಿ ತುಂಬುವಾಗ?"

"ಯಾಕ, ಬರಕೊಳ್ಳಾಕ ಬೇಕೇನು?"

ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು. ಆಮೇಲೆ ನಾಲ್ಕು ಸಲ ಕೇಳಿದ್ದೇನೆ, ತಾರೀಖು ಬರೆದಿಟ್ಟಿದ್ದೇನೆ. ನಾಲ್ಕು ಸಲವೂ ಉತ್ತರ ಬಂದಿಲ್ಲ. ಅಮ್ಮನೂ "ಅಜ್ಜೀನ್ನ ಕೇಳು" ಎನ್ನುತ್ತಾಳೆ.

ಗೆಳೆಯನ ತಾಯಿ ಊರಿಗೆ ಹೋಗಿ ಬಂದರು. ಗುಡ್ಡದ ಮೇಲಿನ ಅವರ ಹಳ್ಳಿಯಲ್ಲಿ, ಅಕ್ಕನ ಮನೆಯ ಮೇಜಿನ ಮೇಲೆ ಕೊಬ್ಬರಿ ಬಟ್ಟಲು ಇಟ್ಟು ತೆಗೆದ ಫೋಟೊ ಅಜ್ಜಿಯ ಫೋನಿಗೆ ಬಂತು. ನನ್ನೊಡನೆ ಅವರು ಮೊದಲಿನಂತೆಯೇ ಇದ್ದಾರೆ. ಅಂದು ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿದ್ದು ನಾನು ಎಂದು ಅವರಿಗೆ ನಾನಿನ್ನೂ ಹೇಳಿಲ್ಲ. ಇದನ್ನು ಅವರು ಓದಲಾರದ ಭಾಷೆಯಲ್ಲಿ ಮೊದಲು ಬರೆಯುತ್ತಿದ್ದೇನೆ. ಅದೂ ನನ್ನ ಲೆಕ್ಕಕ್ಕೇ ಸೇರಬೇಕು.

ಅಜ್ಜಿಯ ಉಡಿಗೆ ಯಾರೂ ಏನೂ ಹಾಕದೆ ಇಪ್ಪತ್ತೊಂದು ವರ್ಷವಾಯಿತು. ಮುಂದಿನ ಪಂಚಮಿಗೆ ನಾನು ಹಾಕಬೇಕೆಂದಿದ್ದೇನೆ. ಅಕ್ಕಿ, ಉತ್ತತ್ತಿ, ಕೊಬ್ಬರಿ, ಖಣ, ಇಷ್ಟು ಗೊತ್ತು. ಮಾರ್ಗನ್ ಹಿಲ್‌ನ ಫೋಟೊವನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಗೆಳೆಯನ ತಾಯಿಯ ಹಣೆಯ ಮೇಲೆ ಏನಿದೆ ಎಂದು ಕಾಣುವುದಿಲ್ಲ. ಅಡುಗೆಮನೆಯ ಕಿಟಕಿಯ ಬೆಳಕು ಅಲ್ಲಿಯೇ ಬಿದ್ದಿದೆ. ನಿಮ್ಮ ಮನೆಯಲ್ಲಿ ಗಂಡನಿಲ್ಲದ ಅಜ್ಜಿಗೋ ತಾಯಿಗೋ ಯಾರಾದರೂ ಉಡಿ ತುಂಬಿದ್ದರೆ, ಹಣೆಗೆ ಏನು ಹಚ್ಚಿದಿರಿ, ತುಂಬುವಾಗ ಏನಂದಿರಿ, ಅವರು ಅದನ್ನು ಹೇಗೆ ತೆಗೆದುಕೊಂಡರು, ದಯವಿಟ್ಟು ನನಗೆ ಬರೆದು ತಿಳಿಸಿ.