ಆಮೆನ್ ಮಾಮನ ಬಾಯಿ

ಬೀದಿ ಬೀದಿಗೆ ನೀರು ಬಿಡುವ ವಾಲ್ವ್‌ಮ್ಯಾನ್ ಕೆಲಸ ಅವನದು, ಸಂಬಳ ಪುರಸಭೆಯದು. ಜನರ ಬಾಯಲ್ಲಿ ಮಾತ್ರ ಅವನು ಆಮೆನ್ ಮಾಮ. ಊರಿನ ಹಳೆಯ ಆಂಗ್ಲಿಕನ್ ಚರ್ಚಿನಲ್ಲಿ ಪಾದ್ರಿಗಳ ಪ್ರಾರ್ಥನೆ ಮುಗಿದೊಡನೆ ಮುಂದಿನ ಬೆಂಚಿನಿಂದ ಮೊದಲು ಏಳುತ್ತಿದ್ದ ‘ಆಮೆನ್’ ಅವನದು. ‘ಹಾಗೇ ಆಗಲಿ’ ಎಂಬರ್ಥದ ಆ ಮಾತನ್ನು ಹಿಡಿದೇ ಉಳಿದವರು ದನಿಗೂಡಿಸುವುದು ಅಲ್ಲಿನ ವಾಡಿಕೆ.

ಆಳುವವರಿಗಾಗಿ ಪ್ರಾರ್ಥಿಸದೆ ಅಲ್ಲಿ ಆರಾಧನೆ ಮುಗಿಯುತ್ತಿರಲಿಲ್ಲ. ರಸ್ತೆಗೆ ಚಾಚಿದೆಯೆಂದು ಪುರಸಭೆ ಮಾಮನ ಮನೆಯ ಜಗಲಿಯನ್ನೇ ಒಡೆಸಿದ ವಾರವೂ ಅವನು ಗಟ್ಟಿಯಾಗಿಯೇ ಆಮೆನ್ ಅಂದಿದ್ದ.

“ಜಗಲಿ ಒಡೆದೋರಿಗೆ ಅಷ್ಟು ದೊಡ್ಡ ಆಮೆನ್ನಾ?” ಎಂದು ಹೆಂಡತಿ ಮೂತಿ ತಿರುಗಿಸಿದಳು.

“ರಸ್ತೆ ಅವರದು ಕಣೆ. ಅವರಿಗೆ ಒಳ್ಳೆ ಬುದ್ಧಿ ಕೊಡಪ್ಪಾ ಅಂತ ಕೇಳೋಕೆ ಇದಕ್ಕಿಂತ ಒಳ್ಳೆ ವಾರ ಬೇಕಾ?”

ಪುರಸಭೆಯ ಚುನಾವಣೆ ಹತ್ತಿರ ಬಂತು. ಒಂದು ಶನಿವಾರ ಪಾದ್ರಿಗಳು ಮಾಮನನ್ನು ಹುಡುಕಿಕೊಂಡು ಪಂಪ್‌ಹೌಸಿಗೇ ಬಂದರು. ಪುರಸಭೆಯ ಅಧ್ಯಕ್ಷರು ನಾಳೆ ಆರಾಧನೆಗೆ ಬರುತ್ತಾರಂತೆ; ಸೋರುವ ಚಾವಣಿಯನ್ನು ಸರಿಮಾಡಿಸಿ ಕೊಡುತ್ತಾರಂತೆ. ಪ್ರಾರ್ಥನೆಯಲ್ಲಿ ‘ಅವರೇ ಗೆಲ್ಲಲಿ’ ಎಂಬುದೊಂದು ಸೇರಬೇಕಂತೆ.

“ಒಂದೇ ಮಾತು, ಮಾಮ. ನೀವು ಆಮೆನ್ ಅಂದುಬಿಟ್ಟರೆ ಮುಗೀತು.”

ವಾಲ್ವಿನ ಚಕ್ರ ತಿರುಗಿಸುತ್ತಲೇ ಮಾಮ ಹೇಳಿದ: “ಈ ಚಕ್ರ ಅಧ್ಯಕ್ಷರದು ಅಯ್ಯನವರೇ. ತಿರುಗಿಸು ಅಂದ್ರೆ ತಿರುಗಿಸ್ತೀನಿ, ನಿಲ್ಲಿಸು ಅಂದ್ರೆ ನಿಲ್ಲಿಸ್ತೀನಿ. ದೇವರ ಪೀಠದ ಮುಂದೆ ಏನು ಬೇಡ್ಕೋಬೇಕು ಅನ್ನೋದು ಅವರ ಖಾತೆ ಅಲ್ಲ. ಆಳೋರ ಮಾತು ಕೇಳಿ, ಆದರೆ ದೇವರ ವಾಕ್ಯದ ಮೇಲೆ ಅವರ ಅಧಿಕಾರ ನಡೆಯಲ್ಲ ಅಂತ ನೀವೇ ಅಲ್ವಾ ನನ್ನ ಮಗಳಿಗೆ ಪಾಠ ಹೇಳಿದ್ದು?”

“ಕೆಲಸಕ್ಕೆ ಕುತ್ತು ಬಂದೀತು ಮಾಮ.”

“ಬಂದರೆ ಬರಲಿ. ಬಾಯಿ ಪುರಸಭೆ ಕೊಟ್ಟಿದ್ದಲ್ಲವಲ್ಲ.”

ಭಾನುವಾರ ಅಧ್ಯಕ್ಷರು ಮಾಮನ ಪಕ್ಕದಲ್ಲೇ ಕುಳಿತರು. ಪಾದ್ರಿಗಳು ಪುಸ್ತಕದಿಂದ ಕಣ್ಣೆತ್ತದೆ ಆ ಮಾತನ್ನು ಸೇರಿಸಿ ಪ್ರಾರ್ಥನೆ ಮುಗಿಸಿದರು. ಆಮೆನ್ ಏಳಲಿಲ್ಲ. ಯಾರೋ ಕೆಮ್ಮಿದರು, ಅಷ್ಟೇ.

“ಏನಯ್ಯಾ, ಗಂಟಲು ಕಟ್ಟಿದೆಯಾ?” ಅಧ್ಯಕ್ಷರು ಪಿಸುಗುಟ್ಟಿದರು.

“ಇಲ್ಲ ಸ್ವಾಮಿ, ಚೆನ್ನಾಗಿಯೇ ಇದೆ.” ಮಾಮ ಎದ್ದು ನಿಂತು ಕಣ್ಣು ಮುಚ್ಚಿದ. “ದೇವರೇ, ನಮ್ಮನ್ನ ಆಳೋರು ಯಾರೇ ಆಗಲಿ, ಅವರಿಗೆ ನ್ಯಾಯಬುದ್ಧಿ ಕೊಡು. ಆಮೆನ್.”

ಮೊದಲು ದನಿಗೂಡಿಸಿದವಳು ಜಗಲಿ ಕಳೆದುಕೊಂಡು ಮುನಿಸಿಕೊಂಡಿದ್ದ ಅವನ ಹೆಂಡತಿಯೇ. ಆಮೇಲೆ ಇಡೀ ಚರ್ಚು. ಕೊನೆಗೆ ಪಾದ್ರಿಗಳೂ.

ಮರುದಿನವೇ ವರ್ಗದ ಆದೇಶ ಬಂತು: ಊರಾಚೆ ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ.

“ಹೋಗಲ್ಲ ಅನ್ರೀ,” ಎಂದಳು ಹೆಂಡತಿ.

“ವರ್ಗ ಮಾಡೋದು ಅವರ ಹಕ್ಕು. ಹೋಗ್ತೀನಿ. ಭಾನುವಾರ ರಜ ಇದೆಯಲ್ಲ.”

ಮುಂದಿನ ಭಾನುವಾರ ಅವನು ಗುಡ್ಡದಿಂದ ಸೈಕಲ್ಲಿನಲ್ಲಿ ಇಳಿದು, ಬೆವರೊರೆಸಿಕೊಳ್ಳುತ್ತ ತನ್ನ ಬೆಂಚಿನಲ್ಲೇ ಕುಳಿತ. ಸೋರುವ ಚಾವಣಿ ಹಾಗೆಯೇ ಇತ್ತು. ಪಾದ್ರಿಗಳು ಅವನತ್ತ ಒಮ್ಮೆ ನೋಡಿ, ಆಳುವವರಿಗಾಗಿ ಹಳೆಯ ಪ್ರಾರ್ಥನೆಯನ್ನಷ್ಟೇ ಓದಿದರು. ಪುರಸಭೆಯ ಕಚೇರಿ ಇದ್ದುದು ರಸ್ತೆಯ ಆಚೆ ಬದಿಗೆ. ಅಲ್ಲಿಗೂ ಕೇಳಲೆಂದು ಮಾಮ ಎದೆತುಂಬ ಉಸಿರೆಳೆದುಕೊಂಡು ಆಮೆನ್ ಎಂದ.