ಬ್ಲ್ಯಾಕ್‌ಬೆರಿ ಎಂಬ ನೇರಳೆ ಹಣ್ಣು

ಬ್ಲ್ಯಾಕ್‌ಬೆರಿ ಹಣ್ಣನ್ನು ನಾನು ಈವರೆಗೆ ಕಣ್ಣಿಂದ ಕಂಡಿಲ್ಲ. ತಿಂದದ್ದಂತೂ ಇಲ್ಲವೇ ಇಲ್ಲ. ಆದರೂ ಅದರ ಗುಣಗಳನ್ನು ಕೇಳಿದರೆ ಒಂದೇ ಉಸಿರಿಗೆ ಹೇಳಬಲ್ಲೆ. ಅದರಲ್ಲಿ ಸಿ ಜೀವಸತ್ವ ಚೆನ್ನಾಗಿದೆ, ಹೊಟ್ಟೆಗೆ ಹಿತವಾದ ನಾರಿದೆ, ತಾಜಾ ಹಣ್ಣನ್ನು ಹಾಲಿನ ಜೊತೆ ತಿನ್ನಬಹುದು, ಸಕ್ಕರೆ ಹಾಕಿ ಕುದಿಸಿದರೆ ಜಾಮ್ ಆಗುತ್ತದೆ, ತಿನ್ನುವ ಹೊತ್ತಿನವರೆಗೆ ತೊಳೆಯಬಾರದು, ಆಳವಾದ ಪಾತ್ರೆಯಲ್ಲಿ ತುಂಬಿಟ್ಟರೆ ಅಡಿಯ ಹಣ್ಣುಗಳು ಜಜ್ಜಿಹೋಗುತ್ತವೆ. ನಮ್ಮ ಪಕ್ಕದ ಮನೆಯವರ ಬಗ್ಗೆ ಕೂಡ ನನಗೆ ಇಷ್ಟು ವಿವರ ತಿಳಿದಿಲ್ಲ. ಕಾಣದ ಹಣ್ಣಿನ ಮೇಲೆ ಇಷ್ಟು ಪಾಂಡಿತ್ಯ ಹೇಗೆ ಬಂತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅರವತ್ತರ ದಶಕದ ಮೊದಲ ವರ್ಷಗಳು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತ. ಬೋಲ್ಟು, ವಾಷರು, ಬೇರಿಂಗುಗಳ ಪಟ್ಟಿ ಬರೆದು ಬರೆದು ನನಗೆ ಇಂಗ್ಲಿಷ್ ಬಂದಿತ್ತು. ಬಂದಿದೆ ಎಂದು ನಾನೂ ನಂಬಿದ್ದೆ, ನಮ್ಮ ಬೀದಿಯೂ ನಂಬಿತ್ತು. ಯಾರ ಮನೆಗೆ ತಂತಿ ಬಂದರೂ, ಯಾವ ಔಷಧದ ಸೀಸೆಯ ಮೇಲಿನ ಚೀಟಿ ಓದಬೇಕಾದರೂ ನನ್ನ ಬಳಿಗೇ ಬರುತ್ತಿದ್ದರು. ಅಂಥವನು ಯಾವುದಾದರೂ ಪದಕ್ಕೆ ಗೊತ್ತಿಲ್ಲ ಎಂದುಬಿಟ್ಟರೆ ಹೇಗೆ? ಅರ್ಥ ಹೊಳೆಯದಾಗ ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಒರೆಸಿ ಮುಗಿಯುವಷ್ಟರಲ್ಲಿ ಏನೋ ಒಂದು ಅರ್ಥ ತಯಾರಾಗಿರುತ್ತಿತ್ತು.

ಮನೆಯಲ್ಲಿ ಮೂವರು: ನಾನು, ಅಮ್ಮ, ನನ್ನ ಹೆಂಡತಿ ಅನ್ನಪೂರ್ಣ. ಅನ್ನಪೂರ್ಣ ಹೊಳೆಹೊನ್ನೂರಿನವಳು. ಎಸ್ಸೆಸ್ಸೆಲ್ಸಿ ಪಾಸಾಗಿ ಶಿವಮೊಗ್ಗದಲ್ಲಿ ಟೀಚರ್ ಟ್ರೈನಿಂಗ್ ಮಾಡಬೇಕು, ಮಕ್ಕಳಿಗೆ ಪಾಠ ಹೇಳಬೇಕು ಎಂಬುದು ಅವಳ ಒಂದೇ ಆಸೆ. ಮದುವೆಗೆ ಮುಂಚೆ ಒಮ್ಮೆ, ಮದುವೆಯಾದ ಮೇಲೆ ಮಾರ್ಚಿನಲ್ಲಿ ಇನ್ನೊಮ್ಮೆ ಪರೀಕ್ಷೆಗೆ ಕೂತು, ಎರಡು ಸಲವೂ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದಿದ್ದಳು. ಅಮ್ಮ ಕೆಟ್ಟ ಅತ್ತೆಯೇನಲ್ಲ. ಆದರೆ ಬೆಳಗಿನ ಹೊತ್ತು ಒಲೆಯ ಮುಂದೆ ಪುಸ್ತಕ ತೆರೆದಿರುವುದನ್ನು ನೋಡಿ ನೋಡಿ ಅವಳಿಗೂ ಸಾಕಾಗಿತ್ತು. ಸೆಪ್ಟೆಂಬರಿನಲ್ಲಿ ಒಂದು ಸಲ ಬರೆಯಲಿ, ಅದೂ ಹೋದರೆ ಪುಸ್ತಕ ಅಟ್ಟಕ್ಕೆ ಹೋಗಲಿ ಎಂದು ತೀರ್ಪು ಕೊಟ್ಟಳು. ಅನ್ನಪೂರ್ಣ ತಲೆಯಾಡಿಸಿದಳು. ಆಗ ನಾನು ಮುಂದೆ ಬಂದು, ಈ ಸಲ ಇಂಗ್ಲಿಷನ್ನು ನಾನೇ ಹೇಳಿಕೊಡುತ್ತೇನೆ ಎಂದೆ. ಅವಳ ಮುಖ ಅರಳಿದ್ದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಪುಸ್ತಕದಲ್ಲಿ ಬ್ಲ್ಯಾಕ್‌ಬೆರಿಯ ಮೇಲೊಂದು ಪಾಠವಿತ್ತು. ಅಂಥ ಪಾಠವನ್ನು ಭದ್ರಾವತಿಯ ಹೆಣ್ಣುಮಗಳು ಯಾಕೆ ಓದಬೇಕು ಎಂದು ಪುಸ್ತಕ ಮಾಡಿದವರನ್ನೇ ಕೇಳಬೇಕು. ನಮ್ಮಲ್ಲಿದ್ದ ಪುಟ್ಟ ನಿಘಂಟಿನಲ್ಲಿ ನೋಡಿದರೆ 'ಒಂದು ಬಗೆಯ ಕಪ್ಪು ಹಣ್ಣು' ಎಂದಿತ್ತು. ಈ 'ಒಂದು ಬಗೆಯ' ಎಂಬುದು ನಮ್ಮ ನಿಘಂಟುಕಾರರ ದೊಡ್ಡ ಉಪಾಯ. ಓಕ್ ಎಂದರೆ ಒಂದು ಬಗೆಯ ಮರ, ರಾಬಿನ್ ಎಂದರೆ ಒಂದು ಬಗೆಯ ಹಕ್ಕಿ, ಸಾಲ್ಮನ್ ಎಂದರೆ ಒಂದು ಬಗೆಯ ಮೀನು. ತಮಗೂ ಗೊತ್ತಿಲ್ಲ ಎಂಬುದನ್ನು ಇಷ್ಟು ಗೌರವದಿಂದ ಹೇಳುವ ದಾರಿ ಬೇರೆ ಇಲ್ಲ. ನಾನೂ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಕನ್ನಡಕ ಒರೆಸಿ, "ನೇರಳೆ ಹಣ್ಣು, ಬರ್ಕೋ" ಎಂದೆ.

ನನ್ನ ತರ್ಕದಲ್ಲಿ ಲೋಪವಿರಲಿಲ್ಲ ನೋಡಿ. ಹಣ್ಣು ಕಪ್ಪಗಿದೆ, ನಮ್ಮ ಸಂತೆಗೆ ಬರುವ ಕಪ್ಪು ಹಣ್ಣು ನೇರಳೆ. ಮೇಲಾಗಿ ನೇರಳೆ ಸಾಮಾನ್ಯ ಹಣ್ಣೇ? ಪೂಜೆಗೆ ಬಂದ ಅಯ್ಯನವರು ಸಂಕಲ್ಪ ಹೇಳುವಾಗ ನಾವು ಕೂತಿರುವ ಜಾಗವನ್ನು ಜಂಬೂದ್ವೀಪ ಎನ್ನುತ್ತಾರೆ. ಎಂದರೆ ನೇರಳೆಯ ನಾಡು. ಮೇರುಪರ್ವತದ ಪಕ್ಕದಲ್ಲಿ ಒಂದು ನೇರಳೆ ಮರವಿದೆಯಂತೆ, ಅದರ ಹಣ್ಣು ಆನೆಯ ಗಾತ್ರವಂತೆ, ಬಿದ್ದು ಒಡೆದ ರಸ ನದಿಯಾಗಿ ಹರಿದು ದಂಡೆಯ ಮಣ್ಣೆಲ್ಲ ಚಿನ್ನವಾಗುತ್ತದಂತೆ. ಇಷ್ಟು ದೊಡ್ಡ ಮನೆತನದ ಹಣ್ಣಿನ ಬಗ್ಗೆ ಇಂಗ್ಲೆಂಡಿನವರು ಪಾಠ ಬರೆದದ್ದರಲ್ಲಿ ಆಶ್ಚರ್ಯವೇನು? ಇದನ್ನೆಲ್ಲ ಅನ್ನಪೂರ್ಣೆಗೆ ವಿವರಿಸಿ ಹೇಳಿದೆ. ಅವಳು ಎಲ್ಲವನ್ನೂ ಬರೆದುಕೊಂಡಳು.

ಮುಂದಿನ ಸಾಲಿನಲ್ಲಿ 'ಬ್ಲ್ಯಾಕ್‌ಬೆರಿ ಪೈ' ಬಂತು. ಆ ಹೊತ್ತಿಗೆ ನಯಾಪೈಸೆ ಬಂದಿದ್ದರೂ ಹಳೆಯ ನಾಣ್ಯಗಳಾದ ಕಾಸು, ಪೈಗಳು ಜನರ ಬಾಯಿಂದ ಇನ್ನೂ ಹೋಗಿರಲಿಲ್ಲ. ಪೈ ಎಂದರೆ ನಮಗೆ ಗೊತ್ತಿದ್ದದ್ದು ಒಂದೇ ಪೈ. "ಒಂದು ಪೈಗೆ ಸಿಗೋ ಅಷ್ಟು ಹಣ್ಣು" ಎಂದೆ. ಆ ಪೈಯನ್ನು ಒಲೆಯಲ್ಲಿ ಬೇಯಿಸಿ ಬಿಸಿಬಿಸಿಯಾಗಿ ಬಡಿಸಬೇಕೆಂದು ಅದರ ಮುಂದಿನ ಸಾಲಿನಲ್ಲೇ ಇತ್ತು. ಅನ್ನಪೂರ್ಣ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಪುಟ ತಿರುವಿದೆ.

ಜೂನ್ ಬಂತು. ಬುಟ್ಟಿಗಟ್ಟಲೆ ನೇರಳೆ ಓಲ್ಡ್ ಟೌನಿಗೆ ಇಳಿಯಿತು. ಪಾಠವನ್ನು ಪ್ರಯೋಗದಿಂದ ಕಲಿತರೆ ಮರೆಯುವುದಿಲ್ಲ ಎಂದು ನನಗೆ ಹೊಳೆದದ್ದು ಆಗಲೇ. ಒಂದು ಭಾನುವಾರ ಎರಡು ಸೇರು ಹಣ್ಣು ತಂದೆ. ಅಮ್ಮ ನೇರಳೆಯನ್ನು ಎಂದಿನಂತೆ ಉಪ್ಪು ಹಾಕಿ ಕುಲುಕಿ ಕೊಡಲು ಹೊರಟಳು. ಬೀಜವನ್ನು ಒಣಗಿಸಿ ಪುಡಿ ಮಾಡಿಡುವುದೂ ಅವಳ ಕ್ರಮ. ನಾನು ತಡೆದು, ತಾಜಾ ಹಣ್ಣನ್ನು ಹಾಲಿನ ಜೊತೆ ತಿನ್ನಬೇಕೆಂದು ಪುಸ್ತಕದಲ್ಲಿದೆ ಎಂದೆ. ನೇರಳೆ ತಿಂದ ಬಾಯಿಗೆ ಹಾಲು ತಾಗಿಸಬಾರದೆಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವರು ನಾವು. ಅಮ್ಮ ನನ್ನನ್ನೇ ದಿಟ್ಟಿಸಿದಳು. ಇಂಗ್ಲಿಷ್ ಪುಸ್ತಕದಲ್ಲಿ ಅಚ್ಚಾಗಿರುವುದನ್ನು ನಂಬದಿದ್ದರೆ ಇನ್ನೇನನ್ನು ನಂಬುವುದು ಎಂದು ನಾನು ಬಟ್ಟಲಿಗೆ ಹಾಲು ಹುಯ್ದೆ. ಹಣ್ಣು ಹಿಸುಕಿ ಕಲಸಿದ್ದೇ ತಡ, ಹಾಲು ಒಡೆದು ಬೂದು ಬಣ್ಣಕ್ಕೆ ತಿರುಗಿತು.

ಜಾಮ್ ಮಾಡಲು ಹೋದದ್ದು ಇನ್ನೊಂದು ಕಥೆ. ಪುಸ್ತಕದಲ್ಲಿ ಸಣ್ಣ ಸಣ್ಣ ಬೀಜಗಳನ್ನು ಜರಡಿ ಹಿಡಿಯಿರಿ ಎಂದಿತ್ತು. ನೇರಳೆಗೆ ಇರುವುದು ಒಂದೇ ಬೀಜ, ಅದೂ ಹಣ್ಣಿನ ಮುಕ್ಕಾಲು ಪಾಲು. ಗಂಡ ಹೆಂಡತಿ ಇಬ್ಬರೂ ಕೂತು ಬೆರಳಿನಿಂದ ತಿರುಳು ಕೆರೆದೆವು. ಕೈ, ಪಂಚೆ, ಗೋಡೆ ಎಲ್ಲ ನೇರಳೆಯಾಯಿತು. ಕುದಿಸಿದ ಮೇಲೆ ನಾಲಿಗೆಗೆ ಮೊದಲು ಸಿಹಿ, ಆಮೇಲೆ ಒಗರು, ಆಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ನನಗೇನೋ ಕುತೂಹಲ ಹೆಚ್ಚಾಯಿತು: ಆ ದೂರದ ದೇಶದವರ ನಾಲಿಗೆ ಎಂಥದ್ದಿರಬಹುದು? ಅಮ್ಮನಿಗೆ ಮಾತ್ರ ತಾಳ್ಮೆ ತಪ್ಪಿತು. "ಇಂಥಾದ್ದನ್ನ ಓದಕ್ಕೇನೋ ಇವಳು ನಿದ್ದೆಗೆಡ್ತಿರೋದು? ಸೆಪ್ಟೆಂಬರ್ ಆಗ್ಲಿ, ಮುಗೀತು" ಎಂದು ಒಡೆದ ಹಾಲನ್ನು ಬಚ್ಚಲಿಗೆ ಚೆಲ್ಲಿದಳು. ಅನ್ನಪೂರ್ಣ ಪಾತ್ರೆ ತಿಕ್ಕತೊಡಗಿದಳು.

ಸಂಜೆ ಅವಳು ಪುಸ್ತಕ ಹಿಡಿದು ಬಂದಳು. ಈ ಹಣ್ಣನ್ನು ಬಿಡಿಸುವಾಗ ಮುಳ್ಳಿನ ಬಗ್ಗೆ ಎಚ್ಚರ ಎಂದಿದೆ, ನೇರಳೆ ಮರಕ್ಕೆ ಮುಳ್ಳೆಲ್ಲಿದೆ ಎಂದು ಕೇಳಿದಳು. ನಾನು ಕನ್ನಡಕ ಒರೆಸಿದೆ. ಆ ದೇಶದ ಚಳಿಗೆ ನೇರಳೆ ಮರ ಬೆಳೆಯಲಾರದೆ ಕುಗ್ಗಿ ಪೊದೆಯಾಗಿದೆ, ಗಿಡ್ಡವಾದ ಮೇಲೆ ದನಕರು ಬಾಯಿ ಹಾಕದಿರಲಿ ಎಂದು ಮುಳ್ಳು ಬಂದಿದೆ, ಅದೇ ಚಳಿಗೆ ಬೀಜವೂ ಒಡೆದು ಸಣ್ಣ ಸಣ್ಣದಾಗಿದೆ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ನಂಬಿಕೆ ಬಂತು. ಅವಳು ಈ ಸಲ ಬರೆದುಕೊಳ್ಳಲಿಲ್ಲ.

ಅವಳು ಮಾಡಿದ್ದು ನನಗೆ ತೋಚದೇ ಇದ್ದ ಕೆಲಸ. ಮರುದಿನ ನಮ್ಮ ಬೀದಿಗೆ ಹಣ್ಣು ಮಾರಲು ಬರುತ್ತಿದ್ದ ಜೈನಾಬಿಯನ್ನು ಕೂರಿಸಿಕೊಂಡು ವಿಚಾರಿಸಿದಳು. ಜೈನಾಬಿ ಸುತ್ತಮುತ್ತಲ ಊರುಗಳ ತೋಪು, ಗುಡ್ಡ ಎಲ್ಲ ತಿರುಗಿದ ಹೆಂಗಸು. ಯಾವ ಮರದ ಹಣ್ಣು ಯಾವ ವಾರ ಹುಳಿ ಬಿಡುತ್ತದೆ ಎಂದು ಹೇಳಬಲ್ಲವಳು. ಮುಳ್ಳಿನ ಪೊದೆ, ಕಪ್ಪು ಹಣ್ಣು, ಒಳಗೆ ತುಂಬ ಸಣ್ಣ ಬೀಜ ಎಂದು ಅನ್ನಪೂರ್ಣ ಲಕ್ಷಣ ಹೇಳಿದಳು. ರಾಗಿಗುಡ್ಡದ ಕಡೆ ಪೊದೆಯಲ್ಲಿ ಸಿಗುವ ಕವಳೆಗೆ ಮುಳ್ಳೂ ಇದೆ, ಬಣ್ಣವೂ ಕಪ್ಪು, ಆದರೆ ನೀನು ಹೇಳುವಷ್ಟು ಬೀಜ ಇರುವುದಿಲ್ಲ ಎಂದಳು ಜೈನಾಬಿ. ಹಾಗಾದರೆ ಇದು ಯಾವ ಹಣ್ಣು ಎಂದರೆ, ಬುಟ್ಟಿ ಎತ್ತಿಕೊಳ್ಳುತ್ತಾ ಅವಳು ಹೇಳಿದ್ದು ನಡುಮನೆಯಲ್ಲಿದ್ದ ನನ್ನ ಕಿವಿಗೂ ಬಿತ್ತು.

"ನಂಗೆ ಗೊತ್ತಿಲ್ಲಮ್ಮ. ನೋಡ್ದೇ ಇರೋ ಹಣ್ಣಿಗೆ ನಾನ್ಯಾಕೆ ಹೆಸ್ರು ಇಡ್ಲಿ?"

ಹಣ್ಣು ಮಾರಿ ಬದುಕುವವಳು ಹಣ್ಣಿನ ಹೆಸರು ಗೊತ್ತಿಲ್ಲ ಎಂದು ಬೀದಿಯಲ್ಲಿ ನಿಂತು ಹೇಳಿದಳು. ಅದರಿಂದ ಅವಳ ವ್ಯಾಪಾರವೇನೂ ಕೆಡಲಿಲ್ಲ. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತೆ.

ಪರೀಕ್ಷೆಯ ಕೇಂದ್ರ ಶಿವಮೊಗ್ಗದಲ್ಲಿತ್ತು. ಆ ಬೆಳಿಗ್ಗೆ ಬಸ್ಸಿನಲ್ಲಿ ಅನ್ನಪೂರ್ಣ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಾ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಊರು ಹತ್ತಿರ ಬಂದಾಗ ಮೆಲ್ಲಗೆ, "ರೀ, ಅದು ನೇರಳೇನೇ ತಾನೆ?" ಎಂದಳು. ಆ ಕ್ಷಣದಲ್ಲಾದರೂ ನಾನು ನಿಜ ಹೇಳಬಹುದಿತ್ತು. ಎದುರಿನ ಸೀಟಿನಲ್ಲಿ ನಮ್ಮ ಸ್ಟೋರ್ಸಿನ ಸಹೋದ್ಯೋಗಿಯೊಬ್ಬರು ಕೂತಿದ್ದರು. ಸಂಶಯವೇ ಬೇಡ ಎಂದುಬಿಟ್ಟೆ.

ಅವಳು ಒಳಗೆ ಹೋದ ಮೇಲೆ ಗೇಟಿನ ಹೊರಗೆ ನಿಂತಾಗ ನನಗೆ ಹೆದರಿಕೆ ಶುರುವಾಯಿತು. ಆ ಪಾಠವೇ ಬಂದರೆ? ನನ್ನ ಮಾತು ನಂಬಿ ಅವಳು ಬರೆದರೆ? ಎರಡು ವರ್ಷದಿಂದ ಒಲೆಯ ಉರಿಯಲ್ಲಿ ಓದಿದವಳ ಆಸೆ ನನ್ನ ಒಂದು ಜಂಬಕ್ಕೆ ಹೋಗಿಬಿಡುತ್ತದಲ್ಲ! ಓಡಿಹೋಗಿ ಕಿಟಕಿಯಲ್ಲಿ ಕೂಗಿ ಹೇಳೋಣವೆಂದರೆ ಏನೆಂದು ಹೇಳುವುದು? ನೇರಳೆ ಅಲ್ಲ ಎಂಬುದು ಮಾತ್ರ ನನಗೆ ಗೊತ್ತಿತ್ತು.

ಗಂಟೆ ಹೊಡೆಯಿತು. ಅನ್ನಪೂರ್ಣ ಬಂದಳು. ಅನುವಾದಕ್ಕೆ ಅದೇ ಪಾಠದ ಭಾಗ ಬಂದಿತ್ತಂತೆ. ಬ್ಲ್ಯಾಕ್‌ಬೆರಿಗೆ ಏನು ಬರೆದೆ ಎಂದು ಕೇಳಿದೆ.

"ಬ್ಲ್ಯಾಕ್‌ಬೆರಿ ಅಂತ್ಲೇ ಬರ್ದೆ. ಪೈನೂ ಪೈ ಅಂತ್ಲೇ ಬರ್ದು, ಬೇಯ್ಸಿ ಮಾಡೋ ತಿಂಡಿ ಅಂದೆ. ನಂಗೆ ಗೊತ್ತಿಲ್ದೇ ಇದ್ದಿದ್ದನ್ನ ಹಾಗೇ ಬಿಟ್ಟೆ, ಗೊತ್ತಿದ್ದಿದ್ದನ್ನ ಕನ್ನಡ ಮಾಡ್ದೆ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸ್ವಲ್ಪ ತಡೆದು, "ನಿಮ್ಮ ಮಾತು ಮೀರಿದೆ. ಕೋಪಾನಾ?" ಎಂದಳು.

ಕೋಪವೇ? ಆ ಗೇಟಿನ ಮುಂದೆ ನನಗೆ ಅವಳ ಮೇಲೆ ಬಂದಷ್ಟು ಪ್ರೀತಿ ಅದಕ್ಕೆ ಮುಂಚೆ ಯಾವತ್ತೂ ಬಂದಿರಲಿಲ್ಲ. ಅದನ್ನು ಹೇಳಲು ಬಾರದೆ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದೆ.

ಫಲಿತಾಂಶ ಪೇಪರಿನಲ್ಲಿ ಬಂದ ದಿನ ನಾನು ಅವಳ ನಂಬರನ್ನು ಮೂರು ಸಲ ಓದಿ ಮನೆಗೆ ಬಹುತೇಕ ಓಡಿಕೊಂಡೇ ಬಂದೆ. ಪಾಸು. ಅನ್ನಪೂರ್ಣ ದೇವರ ಮುಂದೆ ನಿಂತು ತುಂಬ ಹೊತ್ತು ಹೊರಗೆ ಬರಲಿಲ್ಲ. ಅಮ್ಮ ತಾನೇ ಸಜ್ಜಿಗೆ ಮಾಡಿದಳು. ಶಿವಮೊಗ್ಗದ ಟ್ರೈನಿಂಗಿಗೆ ಓಡಾಡಲು ಬಸ್ಸು ಎಷ್ಟು ಹೊತ್ತಿಗಿದೆ ಎಂದು ತಾನೇ ವಿಚಾರಿಸಿದಳು. ತಟ್ಟೆ ಮುಂದಿಟ್ಟು, ಅವಳಿಗೂ ಒಳಗೊಳಗೇ ಕುತೂಹಲವಿತ್ತೆಂದು ಕಾಣುತ್ತದೆ, ನನ್ನ ಕಡೆ ತಿರುಗಿ, "ಅಲ್ವೋ, ಕಡೆಗೂ ಅದ್ಯಾವ ಹಣ್ಣೋ ಅದು?" ಎಂದು ಕೇಳಿದಳು.

ಕೈ ತಾನಾಗಿ ಕನ್ನಡಕದ ಕಡೆ ಹೋಯಿತು. ಅನ್ನಪೂರ್ಣ ಬಾಗಿಲಲ್ಲಿ ನಿಂತಿದ್ದಳು. ಕೈ ಇಳಿಸಿದೆ.

"ಗೊತ್ತಿಲ್ಲಮ್ಮ" ಎಂದೆ.

ಅಮ್ಮ ಸೌಟು ಕೆಳಗಿಟ್ಟು, ಹತ್ತಿರ ಬಂದು, ಜ್ವರ ಇದೆಯೇನೋ ಎಂದು ನನ್ನ ಹಣೆ ಮುಟ್ಟಿ ನೋಡಿದಳು.