ಸುಮ್ಮನೆ ಮೀನು ಹಿಡಿಯುವವರು

ಭದ್ರಾವತಿಯ ಜನ್ನಾಪುರದಲ್ಲಿದ್ದ ಕಾಲಕ್ಕೆ ಭಾನುವಾರ ಬೆಳಿಗ್ಗೆ ನಾನೂ ನನ್ನ ಗೆಳೆಯನೂ ಭದ್ರಾ ಹೊಳೆಗೆ ಗಾಳ ಹಾಕಲು ಹೋಗುತ್ತಿದ್ದೆವು. ಇಬ್ಬರೂ ಒಂದೇ ಕಾಗದದ ಕಾರ್ಖಾನೆಯವರು, ಒಂದೇ ಶಿಫ್ಟಿನವರು. ಅವನ ಅಜ್ಜ ಕೆಲಸ ಹುಡುಕಿಕೊಂಡು ತಮಿಳು ಸೀಮೆಯಿಂದ ಬಂದು ಇಲ್ಲೇ ನಿಂತವರು. ಮನೆಯಲ್ಲಿ ಹೆಂಡತಿ ಜೊತೆ ತಮಿಳು, ನನ್ನ ಜೊತೆ ಕನ್ನಡ, ಗಾಳಕ್ಕೆ ಸಿಕ್ಕಿ ತಪ್ಪಿಸಿಕೊಂಡ ಮೀನನ್ನು ಬೈಯುವಾಗ ಎರಡೂ ಸೇರಿಸಿ ಮಾತಾಡುತ್ತಿದ್ದ.

ಮೀನು ಸಿಕ್ಕಿದರೆ ಸಾರು, ಸಿಗದಿದ್ದರೆ ಬೇಳೆಸಾರು. ಯಾರ ಮನೆಯಲ್ಲೂ ನಮ್ಮ ಗಾಳವನ್ನು ನಂಬಿಕೊಂಡು ಮಸಾಲೆ ಅರೆದಿಡುತ್ತಿರಲಿಲ್ಲ. ಆರು ದಿನ ಬಾಯ್ಲರಿನ ಬೆಂಕಿಯ ಎದುರು ನಿಂತವರಿಗೆ ಒಂದು ದಿನ ನೀರಿನ ಎದುರು ಕೂರಬೇಕು ಅನ್ನಿಸುತ್ತಿತ್ತು, ಅಷ್ಟೆ. ಶಿಫ್ಟಿನಲ್ಲಿ ಬಾಯಿ ಬಿಡದ ನನ್ನ ಗೆಳೆಯ ಹೊಳೆ ದಂಡೆಯಲ್ಲಿ ಎರೆಹುಳು ಸಿಕ್ಕಿಸುತ್ತ ಸಿಕ್ಕಿಸುತ್ತ ಎಲ್ಲವನ್ನೂ ಹೇಳುತ್ತಿದ್ದ. ಅವನ ಅಮ್ಮನಿಗೆ ಕಾಯಿಲೆ ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನು ಮೊದಲು ಹೇಳಿದ್ದು ನನಗೆ, ನೀರಲ್ಲಿ ತೇಲುತ್ತಿದ್ದ ಬೆಂಡಿನ ಮೇಲಿಂದ ಕಣ್ಣು ತೆಗೆಯದೆ. ನಾನು ನನ್ನ ಗಾಳಕ್ಕೆ ಇನ್ನೊಂದು ಹುಳು ಸಿಕ್ಕಿಸಿದೆ. ಅಲ್ಲಿ ಸಮಾಧಾನ ಹೇಳಲೇಬೇಕು ಅಂತ ಇರಲಿಲ್ಲ.

ಹೊಳೆಯೇನೂ ಆಗ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿ ದಂಡೆಗುಂಟ ನೊರೆ ಕಟ್ಟುತ್ತಿತ್ತು. ಒಂದು ವರ್ಷ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಸೇತುವೆ ಮೇಲೆ ಬಸ್ಸು ನಿಲ್ಲಿಸಿ ಜನ ಇಣುಕಿದರು. ಆ ನೀರು ಎಲ್ಲಿಂದ ಬರುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ನಮ್ಮ ಅನ್ನವೂ ಅಲ್ಲಿಂದಲೇ ಬರುತ್ತಿದ್ದುದರಿಂದ ಯಾರೂ ಬಾಯಿ ತೆರೆಯಲಿಲ್ಲ. ನಾವೂ ತೆರೆಯಲಿಲ್ಲ. ಗಾಳ ಸುತ್ತಿಕೊಂಡು, ಹರಿವಿಗೆ ಎದುರಾಗಿ ಇನ್ನಷ್ಟು ಮೇಲೆ ಹೋಗಿ ಕೂತೆವು.

ಆಮೇಲೆ ಕಾರ್ಖಾನೆ ಮುಚ್ಚಿತು. ಮುಚ್ಚುತ್ತದೆ, ಮುಚ್ಚುವುದಿಲ್ಲ ಎಂದು ವರ್ಷಗಟ್ಟಲೆ ಎಳೆದಾಡಿ, ಧರಣಿಯ ಪೆಂಡಾಲಿನಲ್ಲಿ ನಮ್ಮನ್ನೆಲ್ಲ ಹೈರಾಣು ಮಾಡಿ, ಕೊನೆಗೆ ಒಂದು ದಿನ ಸೈರನ್ ಕೂಗಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೊಳೆ ತಿಳಿಯಾಯಿತು. ನಾವು ಹುಡುಗರಾಗಿದ್ದಾಗ ನೋಡಿದ್ದ ಗೆಂಡೆ ಮೀನುಗಳು ಸೇತುವೆಯ ಬುಡದಲ್ಲಿ ಮತ್ತೆ ಹೊರಳತೊಡಗಿದವು. ಅವನ್ನು ನೋಡುತ್ತ ನನ್ನ ಗೆಳೆಯ ಹೇಳಿದ, "ನೋಡು ಮಾರಾಯ, ನಮ್ಮ ಅನ್ನ ಹೋಗಿ ಮೀನಿಗೆ ಅನ್ನ ಆಯ್ತು."

ಮೀನು ಬಂದಿತ್ತು, ಆದರೆ ನಾವು ಮೊದಲಿನವರಾಗಿರಲಿಲ್ಲ. ಕೆಲಸವಿದ್ದವನು ಗಾಳ ಹಿಡಿದು ಹೋದರೆ ಹವ್ಯಾಸ, ಕೆಲಸವಿಲ್ಲದವನು ಹೋದರೆ ದಂಡಪಿಂಡ. ಬೀದಿಯ ಹೆಂಗಸರು ನಮ್ಮ ಹೆಂಡತಿಯರನ್ನು ನೋಡುವ ನೋಟವೇ ಬೇರೆಯಾಯಿತು. ನನಗೆ ಶಿವಮೊಗ್ಗದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಸಿಕ್ಕಿ, ವಿನೋಬನಗರದ ಒಂದು ಮನೆಯ ಮಹಡಿಗೆ ಬಾಡಿಗೆಗೆ ಬಂದೆವು. ಅವನು ಜನ್ನಾಪುರದಲ್ಲೇ ಉಳಿದ. ಆದರೂ ಭಾನುವಾರ ಮೊದಲ ಬಸ್ಸಿಗೆ ನಾನು ಭದ್ರಾವತಿಗೆ ಹೋಗುವುದು ತಪ್ಪಲಿಲ್ಲ. ಸ್ಟ್ಯಾಂಡಿನಲ್ಲಿ ಅವನು ಎರೆಹುಳುವಿನ ಡಬ್ಬಿ ಹಿಡಿದು ನಿಂತಿರುತ್ತಿದ್ದ.

ಹೊಳೆಗೆ ತಡೆಗೋಡೆ ಬಂತು. ಪ್ರವಾಹ ತಡೆಯಲು ಎಂದರು. ನಮ್ಮ ಜಾಗವೂ ಅದರೊಳಗೆ ಹೋಯಿತು. ಮಣ್ಣಿನ ದಂಡೆ ಇದ್ದಲ್ಲಿ ಕಾಂಕ್ರೀಟು, ಅದರ ಮೇಲೆ ಕಂಬಿ, ಕಂಬಿಯ ಪಕ್ಕ ವಾಕಿಂಗ್ ಮಾಡಲು ಬಣ್ಣಬಣ್ಣದ ಇಟ್ಟಿಗೆ ಹಾಸಿದ ದಾರಿ. ನೀರು ಎಲ್ಲೋ ಕೆಳಗೆ, ಬಾವಿಯಲ್ಲಿದ್ದ ಹಾಗೆ. ಒಂದು ಭಾನುವಾರ ಕಂಬಿಯ ಮೇಲಿಂದಲೇ ದಾರ ಇಳಿಬಿಟ್ಟೆವು. ಬಿಳಿ ಶೂ ಹಾಕಿಕೊಂಡು ನಡೆಯುತ್ತಿದ್ದ ಒಬ್ಬರು ನಿಂತು, ಇದು ಸಾರ್ವಜನಿಕರ ಜಾಗ, ಹೀಗೆಲ್ಲ ಮಾಡಬಾರದು ಎಂದು ತಿಳಿಹೇಳಿದರು. ಹಾಗಾದರೆ ನಾವು ಯಾರು ಎಂದು ಕೇಳಬೇಕೆನ್ನಿಸಿತು. ಮುಂದಿನ ವಾರ ಹೋದಾಗ ಮೀನು ಹಿಡಿಯುವುದನ್ನು ನಿಷೇಧಿಸಿದೆ ಎಂಬ ಬೋರ್ಡು ಇತ್ತು.

ಊರಾಚೆ ಒಂದು ಕೆರೆ ಇತ್ತು. ಏರಿಯ ಮೇಲೆ ಹೊಂಗೆ ಮರಗಳು, ಕೆಳಗೆ ಒಂದಿಷ್ಟು ಗದ್ದೆ. ಯಾರ ಕಣ್ಣಿಗೂ ಬೀಳದ ಕೆರೆ ಅದು. ಅಲ್ಲಿಗೆ ಹೋಗಲು ಶುರು ಮಾಡಿದೆವು. ಅಲ್ಲಿ ಕಳೆದ ಭಾನುವಾರಗಳು ನನ್ನ ಆಯುಷ್ಯದ ಒಳ್ಳೆಯ ದಿನಗಳು ಎಂದರೆ ನನ್ನ ಹೆಂಡತಿಗೆ ಬೇಸರವಾಗುತ್ತದೆ. ಆದರೂ ಅದು ನಿಜ. ಒಂದು ಬೆಳಿಗ್ಗೆ ಅವನ ಗಾಳಕ್ಕೆ ಕೊರವ ಬಿತ್ತು. ಕಪ್ಪು ಬೆನ್ನಿನ, ತೋಳುದ್ದದ ಮೀನು. ಅದು ಜೊಂಡಿನೊಳಗೆ ನುಗ್ಗಿ ದಾರ ಸಿಕ್ಕಿಸಿಕೊಂಡಿತು. ಇವನು ಪ್ಯಾಂಟು ಮಡಚುವಷ್ಟೂ ತಾಳ್ಮೆಯಿಲ್ಲದೆ ಎದೆಮಟ್ಟದ ನೀರಿಗೆ ಇಳಿದ. ಎಷ್ಟೋ ಹೊತ್ತು ಗುದ್ದಾಡಿ ಅದನ್ನು ತಬ್ಬಿಕೊಂಡು ಮೇಲೆ ಬಂದ. ಕೆಸರು ಮೆತ್ತಿಕೊಂಡಿದ್ದ ಆ ಮುಖದಲ್ಲಿ, ಕಾರ್ಖಾನೆ ಮುಚ್ಚಿದ ಮೇಲೆ ಮೊದಲ ಬಾರಿಗೆ, ನಗು ಇತ್ತು. ಆ ನಗು ನನ್ನ ಕಣ್ಣಿಗೆ ಕಟ್ಟಿದೆ. ಅದಕ್ಕೇ ಮುಂದೆ ನಡೆದದ್ದು ಇಷ್ಟು ಕಹಿ.

ಕೆರೆ ಟೆಂಡರ್ ಆಯಿತು. ಏರಿಯ ಎರಡೂ ತುದಿಗೆ ತಗಡಿನ ಬೋರ್ಡುಗಳು ಎದ್ದವು. ಮೀನು ಹಿಡಿಯುವ ಹಕ್ಕು ಕಂಟ್ರಾಕ್ಟರನದು, ಬೇರೆಯವರು ಹಿಡಿದರೆ ಕೇಸು. ನಾನು ಅಂಗಡಿಗೆ ಅರ್ಧ ದಿನ ರಜೆ ಹಾಕಿ ಶಿವಮೊಗ್ಗದಲ್ಲಿ ಮೀನುಗಾರಿಕೆ ಇಲಾಖೆಯ ಆಫೀಸಿಗೆ ಹೋದೆ. ಗುಮಾಸ್ತರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. ನೀವು ಮೀನುಗಾರರ ಸಂಘದ ಸದಸ್ಯರಾ ಎಂದು ಕೇಳಿದರು. ಅಲ್ಲ ಎಂದೆ. ಮೀನು ಮಾರುತ್ತೀರಾ ಎಂದರು. ಇಲ್ಲ ಎಂದೆ.

"ಮತ್ತೆ ಯಾಕೆ ಹಿಡೀತೀರಿ?"

"ಸುಮ್ಮನೆ ಸಾರ್."

ಅವರು ಪೆನ್ನಿನ ಕ್ಯಾಪು ಮುಚ್ಚಿದರು. ಗೇಲಿ ಮಾಡಲಿಲ್ಲ, ಗದರಲಿಲ್ಲ. ಹೊಟ್ಟೆಪಾಡಿಗೆ ಹಿಡಿಯುವವರಿಗೆ ಲೈಸೆನ್ಸ್ ಇದೆ, ಲಾಭಕ್ಕೆ ಹಿಡಿಯುವವರಿಗೆ ಟೆಂಡರ್ ಇದೆ, ಸುಮ್ಮನೆ ಹಿಡಿಯುವವರಿಗೆ ಈ ಕೆರೆಯಲ್ಲಿ ಏನು ಮಾಡಬೇಕೋ ತಮಗೂ ಗೊತ್ತಿಲ್ಲ, ಕಂಟ್ರಾಕ್ಟರನನ್ನೇ ಕೇಳಿ ನೋಡಿ ಎಂದರು. ಮೆಟ್ಟಿಲಿಳಿದು ಬರುವಾಗ ನನಗೆ ಅನ್ನಿಸಿತು: ಈ ಕಾಲದಲ್ಲಿ ಮನುಷ್ಯ ಯಾವುದನ್ನು ಬೇಕಾದರೂ ಮಾಡಬಹುದು, ಸುಮ್ಮನೆ ಮಾಡುವ ಹಾಗಿಲ್ಲ.

ಇದನ್ನು ಗೆಳೆಯನಿಗೆ ಹೇಳಲು ಫೋನ್ ಮಾಡಿದರೆ ಅವನು ಹಾರಿಕೆಯ ಮಾತಾಡಿದ. ಒಂದು ವಾರ ಸೊಂಟನೋವು ಎಂದ, ಇನ್ನೊಂದು ವಾರ ನೆಂಟರ ಮನೆ ಎಂದ. ಕೊನೆಗೆ ಒಂದು ಭಾನುವಾರ ನಾನೊಬ್ಬನೇ ಹೊರಟೆ. ಬೋರ್ಡಿನ ಕಡೆ ನೋಡದೆ ಏರಿ ಹತ್ತಿ, ಹೊಂಗೆ ನೆರಳಿನ ನಮ್ಮ ಜಾಗದಲ್ಲಿ ಕೂತು ಗಾಳ ಹಾಕಿದೆ. ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಯಾರಾದರೂ ಬಂದು ಕೇಳಲಿ ಎಂಬ ಹಟವೂ ಇತ್ತು.

ಹಿಂದಿನಿಂದ ಸೀಟಿ ಕೇಳಿಸಿತು. ತಿರುಗಿ ನೋಡಿದರೆ ನನ್ನ ಗೆಳೆಯ. ಖಾಕಿ ಅಂಗಿ, ಕೈಯಲ್ಲಿ ಬಿದಿರು ಕೋಲು, ಕೊರಳಲ್ಲಿ ಸೀಟಿಯ ದಾರ. ಕಂಟ್ರಾಕ್ಟರ್ ಅವನನ್ನು ಕೆರೆ ಕಾಯಲು ಇಟ್ಟುಕೊಂಡಿದ್ದ. ಈ ವಯಸ್ಸಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಅದು ನನಗೂ ಅರ್ಥವಾಗುವಂಥದೇ. ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಎದ್ದು ಹೋಗು ಮಾರಾಯ, ಈಗ ಬೇಡ ಎಂದ. ಯಾವಾಗ ಬರಲಿ ಎಂದು ಕೇಳಿದೆ. ಅವನು ಏರಿಯ ಆ ತುದಿಯ ಕಡೆ ನೋಡಿದ. ಬೈಕಿನ ಮೇಲೆ ಕಂಟ್ರಾಕ್ಟರನ ತಮ್ಮ ಬರುತ್ತಿದ್ದ, ಹಿಂದೆ ಇನ್ನೊಬ್ಬನನ್ನು ಕೂರಿಸಿಕೊಂಡು.

ಬೈಕು ನಿಲ್ಲುವ ಮುಂಚೆಯೇ ನನ್ನ ಗೆಳೆಯನ ದನಿ ಬದಲಾಯಿತು.

"ಏನ್ರೀ ಯಜಮಾನ್ರೇ, ಬೋರ್ಡ್ ಓದಕ್ಕೆ ಬರಲ್ವಾ ನಿಮಗೆ? ಇಲ್ಲಿ ಕೂರಂಗಿಲ್ಲ."

ಇಷ್ಟು ವರ್ಷಗಳಲ್ಲಿ ಅವನು ನನ್ನನ್ನು ಬೈದಿದ್ದಾನೆ, ಕುಡಿದಾಗ ಒಮ್ಮೆ ಹೊಡೆಯಲೂ ಬಂದಿದ್ದಾನೆ. ನೀವು ಎಂದಿರಲಿಲ್ಲ. ನಾನು ಏಳಲಿಲ್ಲ. ಕಂಟ್ರಾಕ್ಟರನ ತಮ್ಮ ಬೈಕಿನಿಂದ ಇಳಿದು, ಯಾರಿದು, ನಿಮ್ಮ ಕಡೆಯವರಾ ಎಂದು ಅವನನ್ನು ಕೇಳಿದ. ನನ್ನ ಗೆಳೆಯ ಇಲ್ಲ ಎಂದ. ಬಗ್ಗಿ ನನ್ನ ಕೈಯಿಂದ ಗಾಳದ ಕೋಲು ಎಳೆದುಕೊಂಡು, ಮೊಣಕಾಲಿಗೆ ಕೊಟ್ಟು ಮುರಿದು, ಎರಡು ತುಂಡನ್ನೂ ನೀರಿಗೆ ಎಸೆದ. ನಾನು ಚೀಲ ಎತ್ತಿಕೊಂಡು ರಸ್ತೆಯತ್ತ ನಡೆದೆ. ಬೈಕಿನವರು ಹಿಂದಿನಿಂದ ಏನೋ ಹೇಳಿ ನಕ್ಕರು. ಅವನೂ ನಕ್ಕನೋ ಇಲ್ಲವೋ ನೋಡಲು ನಾನು ತಿರುಗಲಿಲ್ಲ.

ಮನೆಯಲ್ಲಿ ಹೆಂಡತಿಗೆ ಕೋಲು ಬಸ್ಸಿನಲ್ಲಿ ಮರೆತುಹೋಯಿತು ಎಂದೆ. ಅವಳು ನಂಬಲಿಲ್ಲ, ಕೆದಕಲೂ ಇಲ್ಲ.

ಅದೇ ವಾರ ಒಂದು ಸಂಜೆ ಅವನು ವಿನೋಬನಗರಕ್ಕೆ ಬಂದ. ಅಷ್ಟು ವರ್ಷಗಳಲ್ಲಿ ಅವನು ಈ ಮಹಡಿ ಹತ್ತಿದ್ದು ಅದೇ ಮೊದಲು. ನಾನೇ ಹೋಗಿಬರುತ್ತಿದ್ದೆನಲ್ಲ, ಅವನು ಬರುವ ಪ್ರಮೇಯ ಬಂದಿರಲಿಲ್ಲ. ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದಳು. ಅವಳು ಮರೆಯಾದ ಮೇಲೆ ಅವನು ಮಾತು ತೆಗೆದ.

"ನಾನು ಮುರೀದೇ ಇದ್ರೆ ಅವ್ನು ನಿನ್ನ ಮೈ ಮೇಲೆ ಕೈ ಹಾಕ್ತಿದ್ದ ಕಣೋ. ಹಿಂದಿನ ವಾರ ಒಬ್ಬನ್ನ ಕಂಬಕ್ಕೆ ಕಟ್ಟಿದ್ದ."

"ಹಾಕ್ಲಿ ಅಂತ ಬಿಡಬೇಕಿತ್ತು," ಎಂದೆ.

"ಬಿಟ್ಟಿದ್ರೆ ನಿಂಗೆ ಸಮಾಧಾನ ಆಗ್ತಿತ್ತಾ?"

"ನಿಮ್ಮ ಕಡೆಯವರಾ ಅಂತ ಕೇಳಿದಾಗ ಇಲ್ಲ ಅಂದ್ಯಲ್ಲ. ಅದಾದ್ರೂ ಹೇಳದೆ ಇರಬಹುದಿತ್ತು."

ಅವನ ಮೇಲೆ ನನಗೆ ಬಂದ ಸಿಟ್ಟು ತಪ್ಪು ಜಾಗದ್ದು ಎಂದು ಆಗಲೂ ಗೊತ್ತಿತ್ತು. ಗೋಡೆ ಕಟ್ಟಿಸಿದವರ ಮುಖ ನಾನು ನೋಡಿಲ್ಲ. ಟೆಂಡರಿಗೆ ಸಹಿ ಹಾಕಿದವರ ಹೆಸರೂ ಗೊತ್ತಿಲ್ಲ. ಸಿಟ್ಟು ತೋರಿಸಲು ನನ್ನ ಮುಂದೆ ಇದ್ದದ್ದು ಅವನೊಬ್ಬನೇ. ಅವನು ಕಾಫಿ ಮುಗಿಸಿ, ಬರ್ತೀನಿ ಎಂದು ಎದ್ದ. ನಾನು ಕೆಳಗಿನವರೆಗೂ ಹೋಗಿ ಕಳಿಸಲಿಲ್ಲ.

ಮುಂದಿನ ಸುದ್ದಿಯೆಲ್ಲ ಜನ್ನಾಪುರದಿಂದ ಅಂಗಡಿಗೆ ಬರುವ ಗಿರಾಕಿಗಳ ಬಾಯಿಂದ ತಿಳಿದದ್ದು. ಸಾಕಬಾರದೆಂದು ನಿಷೇಧವಿರುವ ಕ್ಯಾಟ್‌ಫಿಶ್ ಮರಿಗಳನ್ನು ಕಂಟ್ರಾಕ್ಟರ್ ಕದ್ದುಮುಚ್ಚಿ ತಂದು ಬಿಟ್ಟಿದ್ದನಂತೆ. ಅವಕ್ಕೆ ತಿನ್ನಲು ಕೋಳಿ ಅಂಗಡಿಗಳ ಕಸವನ್ನು ಮೂಟೆಗಟ್ಟಲೆ ತಂದು ಸುರಿಸುತ್ತಿದ್ದನಂತೆ. ಆ ಮರಿಗಳು ಬೆಳೆದು ಕೆರೆಯಲ್ಲಿದ್ದ ಬೇರೆ ಮೀನನ್ನೆಲ್ಲ ತಿಂದು ಮುಗಿಸಿದವು. ಮೇಲಿನ ಹೊಸ ಲೇಔಟಿನ ಚರಂಡಿಯೂ ಕೆರೆಗೇ ಇಳಿಯಿತು. ಆ ಬೇಸಿಗೆಯಲ್ಲಿ ನೀರು ಕೊಳೆತು ನಾರಿ, ಜನ ಗಲಾಟೆ ಮಾಡಿ, ಕಂಟ್ರಾಕ್ಟರ್ ಬಲೆ ಎಳೆದು ಸಿಕ್ಕಿದಷ್ಟು ತುಂಬಿಕೊಂಡು ಹೋದವನು ತಿರುಗಿ ಬರಲಿಲ್ಲ. ಕಾಯಿಸುವವನೇ ಹೋದ ಮೇಲೆ ಕಾವಲುಗಾರನೂ ಬೇಡವಾದ.

ಗೆಳೆಯನೇ ಫೋನ್ ಮಾಡಿದ. ಈಗ ಕೆರೆಯಲ್ಲಿ ಯಾರೂ ಇಲ್ಲ, ಯಾರೂ ಕೇಳುವುದಿಲ್ಲ, ಬಾ ಎಂದ. ನಾನು ಹೋದೆ. ಯಾಕೆ ಹೋದೆ ಎಂದರೆ, ಹೋಗದೆ ಇದ್ದ ಭಾನುವಾರಗಳು ಮನೆಯಲ್ಲಿ ಟೀವಿ ಮುಂದೆ ಹೇಗೆ ಕಳೆದಿದ್ದವು ಎಂದು ನನಗೆ ಗೊತ್ತಿತ್ತು.

ಕೆರೆ ಅರ್ಧಕ್ಕೆ ಇಳಿದಿತ್ತು. ಹಸಿರು ಪಾಚಿಯ ಮೇಲೆ ಪ್ಲಾಸ್ಟಿಕ್ ಕವರು, ಕೋಳಿ ಪುಕ್ಕ. ಮೂಗು ಮುಚ್ಚಿಕೊಂಡೇ ಕೂತೆವು. ಅವನು ನನಗೊಂದು ಕೋಲು ತಂದಿದ್ದ. ನಾನು ಅದನ್ನು ತೆಗೆದುಕೊಂಡು ದಾರ ಬಿಚ್ಚಿದೆ. ದಾರ ಹಾಕಿದ ಕೂಡಲೇ ಬೆಂಡು ಮುಳುಗಿತು. ಎಳೆದರೆ ಮೀಸೆಯ ಕರಿ ಕ್ಯಾಟ್‌ಫಿಶ್. ಅದರ ಗಂಟಲಿನಿಂದ ಕೋಳಿಯ ಪುಕ್ಕ ಹೊರಗೆ ಚಾಚಿತ್ತು. ಮತ್ತೆ ಹಾಕಿದರೆ ಮತ್ತೆ ಅದೇ. ಕಾಯುವುದೇ ಬೇಡ, ಹಾಕಿದ ತಕ್ಷಣ ಸಿಗುತ್ತಿತ್ತು. ಗಾಳ ಹಿಡಿದ ಇಷ್ಟು ವರ್ಷಗಳಲ್ಲಿ ಅಷ್ಟು ಮೀನು ಒಂದೇ ಬೆಳಿಗ್ಗೆ ನಮಗೆ ಯಾವತ್ತೂ ಸಿಕ್ಕಿರಲಿಲ್ಲ. ತಿರುಗಿ ನೀರಿಗೆ ಬಿಡುವ ಹಾಗಿರಲಿಲ್ಲ, ಮನೆಗೆ ಒಯ್ಯಲು ಮನಸ್ಸಿರಲಿಲ್ಲ. ಅವನು ಒಂದೊಂದನ್ನೇ ಕಲ್ಲಿಗೆ ಬಡಿದು ದಂಡೆಯ ಮೇಲೆ ಎಸೆಯುತ್ತ ಹೋದ. ನೋಡುತ್ತ ನೋಡುತ್ತ ಅದು ಮೀನು ಹಿಡಿಯುವುದಾಗಿ ಉಳಿಯಲಿಲ್ಲ. ಮತ್ತೆ ಶಿಫ್ಟಿಗೆ ನಿಂತ ಹಾಗಾಯಿತು.

"ಸಾಕು ಬಿಡು," ಎಂದೆ.

ಅವನು ಕೈ ತೊಳೆಯಲು ನೀರಿನ ಕಡೆ ಬಗ್ಗಿ, ನೀರು ನೋಡಿ, ಹಾಗೇ ಎದ್ದು ಪ್ಯಾಂಟಿಗೆ ಒರೆಸಿಕೊಂಡ. ಏರಿಯ ಕೆಳಗೆ ಗದ್ದೆಯಿದ್ದಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದರು. ಲೇಔಟಿನವರಿಗೆ ಹಗಲು ಕಾವಲಿಗೆ ಜನ ಬೇಕಂತೆ, ನೋಡಬೇಕು ಎಂದು ಅವನು ನಡೆಯುತ್ತ ಹೇಳಿದ. ನೋಡು ಎಂದೆ. ನಿಜವಾಗಿಯೂ ಅವನಿಗೆ ಅದು ಸಿಗಲಿ ಎಂದೇ ನನಗಿತ್ತು.

ರಸ್ತೆಯಲ್ಲಿ ಶಿವಮೊಗ್ಗದ ಬಸ್ಸು ಕಾಣಿಸಿದಾಗ ಅವನು ಕೈ ಅಡ್ಡ ಮಾಡಿ ನಿಲ್ಲಿಸಿದ. ಮುಂದಿನ ವಾರ ಬರ್ತೀಯಾ ಎಂದು ಕೇಳಿದ. ನೋಡೋಣ ಎಂದು ಹತ್ತಿದೆ. ಸೀಟು ಸಿಕ್ಕಿತು. ಪಕ್ಕದಲ್ಲಿದ್ದವರು ನನ್ನ ಮೈಯ ವಾಸನೆಗೆ ಮುಖ ತಿರುಗಿಸಿ ಕಿಟಕಿ ತೆರೆದರು.

ಮುಂದಿನ ವಾರ ನಾನು ಹೋಗಲಿಲ್ಲ. ಆಮೇಲೂ ಹೋಗಿಲ್ಲ. ಅವನಿಗೆ ಲೇಔಟಿನ ಕೆಲಸ ಸಿಕ್ಕಿತು. ಯುಗಾದಿಗೆ ಫೋನ್ ಮಾಡುತ್ತಾನೆ, ದೀಪಾವಳಿಗೆ ನಾನು ಮಾಡುತ್ತೇನೆ. ಆರೋಗ್ಯ ಕೇಳುತ್ತೇವೆ, ಮಳೆ ಕೇಳುತ್ತೇವೆ. ಮನಸ್ಸಿನಲ್ಲಿರುವುದನ್ನು ಫೋನಿನಲ್ಲಿ ಹೇಳಲು ಅವನಿಗೆ ಬರುವುದಿಲ್ಲ, ನನಗೂ ಬರುವುದಿಲ್ಲ. ಅದಕ್ಕೆ ಬೇಕಾದ ಜಾಗ ಊರಿನಲ್ಲಿ ಎಲ್ಲೂ ಉಳಿದಿಲ್ಲ.